ಹೊಳೆ ದಾಟಿಸಿದ ಬೆಕ್ಕುಗಳು

ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ ಚಿಕ್ಕಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕುಳಿತು, ಮಡಿಲಲ್ಲಿ ಒಂದು ಗೋಣಿಚೀಲವನ್ನು ತಬ್ಬಿ ಹಿಡಿದುಕೊಂಡು, ಶರಾವತಿಯ ಹಿನ್ನೀರಿನವರೆಗೆ ಹೋಗಿದ್ದೆ. ಚೀಲದಲ್ಲಿ ನಮ್ಮ ಕೊಟ್ಟಿಗೆಯ ಅಟ್ಟದಲ್ಲಿ ಮರಿ ಹಾಕಿದ್ದ ಒಂದು ಬೂದು ಬೆಕ್ಕೂ ಅದರ ಮೂರು ಮರಿಗಳೂ ಇದ್ದವು. ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಆಚೆ ದಡದಲ್ಲಿ ಇಳಿದು, ರಸ್ತೆಯ ಪಕ್ಕದ ಮಟ್ಟಿಯ ಹತ್ತಿರ ಚೀಲದ ಬಾಯಿ ಬಿಚ್ಚಿ, ಮುಂದಿನ ಲಾಂಚಿಗೆ ನಾವಿಬ್ಬರೂ ಹಿಂದಿರುಗಿದೆವು. ಎಷ್ಟೇ ದೂರ ಬಿಟ್ಟುಬಂದರೂ ಬೆಕ್ಕು ದಾರಿ ಹುಡುಕಿಕೊಂಡು ಮನೆಗೆ ಬರುತ್ತದೆ, ಆದರೆ ಹೊಳೆ ದಾಟಿಸಿದರೆ ಬರುವುದಿಲ್ಲ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಇತ್ತು. ವಾಪಸ್ ಬರುವಾಗ ಲಾಂಚಿನಲ್ಲಿ ನಮ್ಮ ಪಕ್ಕದಲ್ಲಿಯೇ ನಿಂತಿದ್ದ ಆಚೆ ಕಡೆಯ ಒಬ್ಬರ ಕಾಲಬುಡದಲ್ಲಿಯೂ ಒಂದು ಚೀಲವಿತ್ತು, ಅದರೊಳಗಿಂದಲೂ ಸಣ್ಣ ದನಿ ಬರುತ್ತಿತ್ತು. ಚಿಕ್ಕಪ್ಪ ಅವರ ಚೀಲವನ್ನು ನೋಡಿದರು, ಅವರು ನಮ್ಮ ಖಾಲಿ ಚೀಲವನ್ನು ನೋಡಿದರು, ಇಬ್ಬರೂ ಏನೂ ಮಾತಾಡಲಿಲ್ಲ.

ಆ ದಿನದ ಲಾಂಚಿನ ನೆನಪು ಈಚೆಗೆ ಮತ್ತೆ ಮತ್ತೆ ಬರುತ್ತಿದೆ, ಏಕೆಂದರೆ ಹಳ್ಳಿಯ ಬೆಕ್ಕುಗಳ ಸಂಖ್ಯೆಯನ್ನು ಹಿಂಸೆಯಿಲ್ಲದೆ ಹತೋಟಿಯಲ್ಲಿಡುವುದು ಹೇಗೆ ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ಕಳೆದ ಕೆಲವು ವರ್ಷಗಳಿಂದ ನಾನು ಒದ್ದಾಡುತ್ತಿದ್ದೇನೆ, ಮತ್ತು ನಮ್ಮ ಹಿರಿಯರು ಆ ಪ್ರಶ್ನೆಗೆ ಕಂಡುಕೊಂಡಿದ್ದ ಉತ್ತರ ಆ ಗೋಣಿಚೀಲವೇ ಆಗಿತ್ತು. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು, ಕಾಶಿಗೆ ಹೋದರೂ ಆ ಪಾಪ ತೊಳೆಯುವುದು ಕಷ್ಟ ಎಂದು ಅಜ್ಜಿ ಹೇಳುತ್ತಿದ್ದರು. ಈ ಭಯದಿಂದ ಎಷ್ಟೋ ಬೆಕ್ಕುಗಳು ಬದುಕಿದವೆನ್ನುವುದು ನಿಜ. ಆದರೆ ಕೊಲ್ಲಬಾರದು ಎಂಬ ನಿಯಮ ಸಾಕಬೇಕು ಎಂಬ ನಿಯಮವಾಗಲಿಲ್ಲ. ಅವೆರಡರ ನಡುವಿನ ಜಾಗದಲ್ಲಿ ಗೋಣಿಚೀಲ ಹುಟ್ಟಿಕೊಂಡಿತು. ಹಾಲು ಕುಡಿಯುವ ಮರಿಗಳ ಸಮೇತ ತಾಯಿಯನ್ನು ಪರಿಚಯವಿಲ್ಲದ ಕಾಡಂಚಿನಲ್ಲಿ ಬಿಟ್ಟುಬಂದರೆ ಆಮೇಲೆ ಏನಾಗುತ್ತದೆ ಎಂಬುದು ಚಿಕ್ಕಪ್ಪನಿಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ಅದು ನಮ್ಮ ಕೈಯಿಂದ ಆಗಲಿಲ್ಲ ಎನ್ನುವುದಷ್ಟೇ ಸಮಾಧಾನ. ಹಸಿವು ಬಾಯಾರಿಕೆಗೆ ಸಿಕ್ಕಿ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯೊಂದನ್ನು ಬಿಟ್ಟುಹೋಗುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧವೆಂದು ನನಗೆ ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ. ಊರಿನಲ್ಲಿ ಇಂದಿಗೂ ಅದು ಯಾರಿಗೂ ಗೊತ್ತಿದ್ದಂತಿಲ್ಲ.

ಅಪ್ಪ ಅಮ್ಮನಿಗೆ ವಯಸ್ಸಾಯಿತೆಂದು 2020ರಲ್ಲಿ ಊರಿಗೆ ಮರಳಿದಾಗ ಗೋಣಿಚೀಲದ ಜಾಗಕ್ಕೆ ರಟ್ಟಿನ ಪೆಟ್ಟಿಗೆ ಬಂದಿತ್ತು, ಸೈಕಲ್ಲಿನ ಜಾಗಕ್ಕೆ ಬೈಕು ಬಂದಿತ್ತು, ಪದ್ಧತಿ ಮಾತ್ರ ಹಾಗೆಯೇ ಇತ್ತು. ಪೇಟೆಯ ಮೀನು ಮಾರುಕಟ್ಟೆ, ದೇವಸ್ಥಾನದ ಛತ್ರದ ಹಿಂಭಾಗ, ಶಾಲೆಯ ಅಡುಗೆಮನೆ, ಇವು ಈಗಿನ ಆಚೆ ದಡಗಳು. 2025ರ ಜುಲೈ ತಿಂಗಳಲ್ಲಿ ಅದೇ ಹಿನ್ನೀರಿಗೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಕಟ್ಟಿದ ಸೇತುವೆ ಸಂಚಾರಕ್ಕೆ ತೆರೆದಾಗ ಊರೆಲ್ಲ ಸಂಭ್ರಮಪಟ್ಟಿತು, ನಾನೂ ಪಟ್ಟೆ. ಆದರೆ ಇನ್ನು ಮೇಲೆ ಹೊಳೆ ದಾಟಿಸಿದ ಬೆಕ್ಕೂ ನಡೆದುಕೊಂಡೇ ವಾಪಸ್ ಬರಬಹುದಲ್ಲ ಎಂಬ ಕಿಡಿಗೇಡಿ ಯೋಚನೆಯೂ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ.

ನಗರದವರು ಬೆಕ್ಕುಗಳನ್ನು ವಿಂಗಡಿಸುವ ಕ್ರಮ ಹಳ್ಳಿಗೆ ಒಗ್ಗುವುದಿಲ್ಲ. ಸಾಕಿದ ಬೆಕ್ಕು, ಬೀದಿ ಬೆಕ್ಕು, ಮನುಷ್ಯರ ಸಂಪರ್ಕವೇ ಇಲ್ಲದೆ ಬೆಳೆದು ಕಾಡುಬಿದ್ದ ಬೆಕ್ಕು ಎಂದು ಅವರು ಗೆರೆ ಎಳೆಯುತ್ತಾರೆ. ನಮ್ಮಲ್ಲಿ ಒಂದೇ ಬೆಕ್ಕು ದಿನದ ಬೇರೆ ಬೇರೆ ಹೊತ್ತಿನಲ್ಲಿ ಈ ಮೂರೂ ಆಗಿರುತ್ತದೆ. ಬೆಳಗಿನ ಜಾವ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯ ಮೂಲೆಯಲ್ಲಿ ಕಾಯುತ್ತದೆ, ತೆಂಗಿನ ಗರಟದಲ್ಲಿ ಹಾಕಿದ ಒಂದು ಗುಟುಕು ನೊರೆಹಾಲು ಕುಡಿಯುತ್ತದೆ, ಆದರೆ ಮುಟ್ಟಲು ಹೋದರೆ ಮೈ ಉಬ್ಬಿಸಿ ಹಲ್ಲು ಕಿರಿಯುತ್ತದೆ. ಮಧ್ಯಾಹ್ನ ಇನ್ನೊಂದು ಮನೆಯ ಬಚ್ಚಲ ಒಲೆಯ ಬೂದಿಯಲ್ಲಿ ಮಲಗಿರುತ್ತದೆ. ರಾತ್ರಿ ತೋಟದಲ್ಲಿ ಇಲಿ, ಕಪ್ಪೆ, ಹಲ್ಲಿ, ಸಿಕ್ಕಿದರೆ ಪಿಕಳಾರದ ಮರಿ ತಿನ್ನುತ್ತದೆ. ಅದು ನಿಮ್ಮ ಮನೆಯದೇ ಎಂದು ಕೇಳಿದರೆ ಯಾರೂ ಹೌದೆನ್ನುವುದಿಲ್ಲ, ಅದನ್ನು ಓಡಿಸುತ್ತೇನೆ ಎಂದರೆ ಯಾರೂ ಸುಮ್ಮನಿರುವುದಿಲ್ಲ. ಹಾಲು ಹಾಕುವ ಮಟ್ಟಿಗೆ ನಮ್ಮದು, ಮರಿ ಹಾಕುವ ಮಟ್ಟಿಗೆ ಊರಿನದು.

ಮರಿಯ ವಿಷಯಕ್ಕೆ ಬಂದರೆ ಲೆಕ್ಕ ಕಠಿಣವಾಗಿದೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಲ್ಲದು, ಗರ್ಭಾವಧಿ ಸುಮಾರು 63ರಿಂದ 65 ದಿನ, ಹಾಲೂಡಿಸುತ್ತಿರುವಾಗಲೇ ಮತ್ತೆ ಬೆದೆಗೆ ಬರುವುದೂ ಉಂಟು. ದಿನದ ಬೆಳಕು ಹೆಚ್ಚುವ ಕಾಲಕ್ಕೆ ಬೆದೆ ಜೋರಾಗುತ್ತದಾದರೂ, ಹಗಲು ರಾತ್ರಿಗಳ ಅಂತರ ಅಷ್ಟಾಗಿ ಬದಲಾಗದ ನಮ್ಮ ಸೀಮೆಯಲ್ಲಿ ವರ್ಷದ ಯಾವ ತಿಂಗಳಿನಲ್ಲಿಯೂ ಎಲ್ಲಾದರೊಂದು ಅಟ್ಟದಲ್ಲಿ ಮರಿಗಳಿರುತ್ತವೆ. ಇದನ್ನೆಲ್ಲ ಗುಣಿಸಿ, ಒಂದು ಜೋಡಿ ಬೆಕ್ಕು ಏಳು ವರ್ಷದಲ್ಲಿ ಲಕ್ಷಾಂತರ ಬೆಕ್ಕುಗಳಾಗುತ್ತವೆ ಎಂದು ಹೆದರಿಸುವ ಚಿತ್ರಗಳು ಮೊಬೈಲಿನಲ್ಲಿ ಓಡಾಡುತ್ತವೆ. ಅದು ನಿಜವಾಗಿದ್ದರೆ ನಮ್ಮ ಇಪ್ಪತ್ತೆರಡು ಮನೆಗಳ ಊರಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನನ್ನ ಬಾಲ್ಯದಲ್ಲಿ ಎಷ್ಟು ಬೆಕ್ಕುಗಳಿದ್ದವೋ ಈಗಲೂ ಹೆಚ್ಚು ಕಡಿಮೆ ಅಷ್ಟೇ ಇವೆ. ಹಾಗಾದರೆ ಹುಟ್ಟಿದವೆಲ್ಲ ಎಲ್ಲಿ ಹೋದವು?

ಅಮೆರಿಕದ ಉತ್ತರ ಕ್ಯಾರೊಲೈನಾದಲ್ಲಿ ಯಾರ ಹಂಗೂ ಇಲ್ಲದೆ ಗುಂಪಾಗಿ ಬದುಕುವ ಬೆಕ್ಕುಗಳನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿ ಲೆಕ್ಕಕ್ಕೆ ಸಿಕ್ಕಿದ 169 ಮರಿಗಳಲ್ಲಿ 127 ಮರಿಗಳು, ಅಂದರೆ ಶೇಕಡಾ 75ರಷ್ಟು, ಆರು ತಿಂಗಳು ತುಂಬುವುದರೊಳಗೆ ಸತ್ತಿದ್ದವು ಅಥವಾ ಕಾಣೆಯಾಗಿದ್ದವು. ಇದನ್ನು ಓದಿದ ರಾತ್ರಿ ನನಗೆ ನಮ್ಮ ಹುಲ್ಲು ಬಣವೆ ನೆನಪಾಯಿತು. ಪ್ರತಿ ಮಳೆಗಾಲದ ಕೊನೆಗೆ ಹಳೆಯ ಹುಲ್ಲನ್ನು ತೆಗೆಯುವಾಗ ಕೆಳಗೆ ಒಣಗಿದ ಸಣ್ಣ ಸಣ್ಣ ಚರ್ಮದ ಚೂರುಗಳಂಥವು ಸಿಗುತ್ತಿದ್ದವು, ಕೆಲಸದವರು ಅವನ್ನು ಕತ್ತಿಯ ತುದಿಯಿಂದ ಎತ್ತಿ ಗೊಬ್ಬರದ ಗುಂಡಿಗೆ ಎಸೆಯುತ್ತಿದ್ದರು. ಕಣ್ಣಿಗೆ ಕೀವು ತುಂಬಿ, ಭೇದಿಯಾಗಿ, ನಾಯಿಯ ಬಾಯಿಗೆ ಸಿಕ್ಕಿ, ಗಂಡುಬೆಕ್ಕು ಕಚ್ಚಿ, ಬೈಕಿನ ಚಕ್ರಕ್ಕೆ ಸಿಕ್ಕಿ, ತಾಯಿ ಹಿಂದಿರುಗದೆ ಸತ್ತಂಥವು. ನಮ್ಮ ಊರಿನ ಬೆಕ್ಕುಗಳ ಸಂಖ್ಯೆ ಎಂದೂ ಹತೋಟಿ ತಪ್ಪಿರಲಿಲ್ಲ. ಹತೋಟಿಯನ್ನು ನಾವು ಸಾವಿಗೆ ಗುತ್ತಿಗೆ ಕೊಟ್ಟಿದ್ದೆವು, ಅದು ಕತ್ತಲೆಯಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿತ್ತು. ಬೆಕ್ಕುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುವುದೆಂದರೆ ಇದ್ದಕ್ಕಿದ್ದಂತೆ ಸಂಖ್ಯೆಯನ್ನು ಇಳಿಸುವುದಲ್ಲ, ಆ ಗುತ್ತಿಗೆಯನ್ನು ವಾಪಸ್ ಪಡೆಯುವುದು, ಸಾಯಲೆಂದೇ ಹುಟ್ಟುವ ಆ ಮುಕ್ಕಾಲು ಪಾಲು ಹುಟ್ಟದಿರುವಂತೆ ನೋಡಿಕೊಳ್ಳುವುದು ಎಂದು ನನಗೆ ಅನ್ನಿಸಿದ್ದು ಆಗಲೇ. ಈ ಕೆಲಸದ ಬಗ್ಗೆ ಊರಿನವರೊಡನೆ ವಾದಿಸುವಾಗಲೆಲ್ಲ ನಾನು ಕೊನೆಗೆ ಬಂದು ನಿಲ್ಲುವುದು ಈ ಹುಲ್ಲು ಬಣವೆಯ ಬುಡದಲ್ಲಿಯೇ.

ಹಿಡಿದು ಸಾಗಿಸುವುದರಿಂದ ಅಥವಾ ಕೊಲ್ಲುವುದರಿಂದ ಬೆಕ್ಕು ಕಡಿಮೆಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸುತ್ತ ಸಮುದ್ರವಿರುವ ದ್ವೀಪದಲ್ಲಿ ಆಗುತ್ತದೆ, ಅದೂ ಭಾರಿ ಬೆಲೆ ತೆತ್ತ ಮೇಲೆ. ದಕ್ಷಿಣ ಆಫ್ರಿಕಾಕ್ಕೆ ಸೇರಿದ ಮೇರಿಯನ್ ದ್ವೀಪಕ್ಕೆ ಇಲಿ ಹಿಡಿಯಲೆಂದು 1949ರಲ್ಲಿ ತಂದ ಐದು ಬೆಕ್ಕುಗಳು 1977ರ ಹೊತ್ತಿಗೆ ಸುಮಾರು 3400 ಆಗಿದ್ದವು. ಅವನ್ನು ಇಲ್ಲವಾಗಿಸಲು ಬೆಕ್ಕುಗಳಿಗೆ ಮಾರಕವಾದ ವೈರಸ್ಸನ್ನು ಬಿಟ್ಟು, ಆಮೇಲೆ ವರ್ಷಗಟ್ಟಲೆ ರಾತ್ರಿ ಬೇಟೆಯಾಡಿ, ಬೋನು ಮತ್ತು ವಿಷ ಬಳಸಿ, 1991ರವರೆಗೆ ಶ್ರಮಪಡಬೇಕಾಯಿತು. ಗಡಿಯಿಲ್ಲದ ನೆಲದಲ್ಲಿ ಕಥೆಯೇ ಬೇರೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದ ಕಾಡುಗಳಲ್ಲಿ ಅಲ್ಪಸ್ವಲ್ಪ ಬೆಕ್ಕುಗಳನ್ನು ಕೊಲ್ಲುತ್ತ ಬಂದ ಎರಡು ಕಡೆ ಅವುಗಳ ಸಂಖ್ಯೆ ಇಳಿಯುವ ಬದಲು ಒಂದು ಕಡೆ ಶೇಕಡಾ 75, ಇನ್ನೊಂದು ಕಡೆ ಶೇಕಡಾ 211ರಷ್ಟು ಏರಿದ್ದನ್ನು 2015ರಲ್ಲಿ ಸಂಶೋಧಕರು ವರದಿ ಮಾಡಿದರು. ಬಲಿಷ್ಠ ಬೆಕ್ಕುಗಳು ಹೋದ ಜಾಗಕ್ಕೆ ಸುತ್ತಲಿನ ಎಳೆಯವು ನುಗ್ಗಿದ್ದೇ ಇದಕ್ಕೆ ಕಾರಣವಿರಬೇಕೆಂದು ಅವರ ಊಹೆ. ಹೊಳೆಯ ಎರಡೂ ದಡದವರು ಚೀಲ ಬದಲಾಯಿಸಿಕೊಳ್ಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ ನನಗೆ ಈ ಊಹೆಯನ್ನು ನಂಬುವುದು ಕಷ್ಟವಾಗಲಿಲ್ಲ.

ಬೆಕ್ಕುಗಳನ್ನು ಅವುಗಳ ಪಾಡಿಗೆ ಬಿಡಬೇಕೆನ್ನುವವರಿಗೆ ಹೇಳುವ ಮಾತೂ ಒಂದಿದೆ. ಮಹಾರಾಷ್ಟ್ರದ ಅಕೋಲೆ ಪ್ರದೇಶದ ಕಬ್ಬಿನ ಗದ್ದೆಗಳಲ್ಲಿ ಬದುಕುವ ಚಿರತೆಗಳ ಆಹಾರವನ್ನು ಅಧ್ಯಯನ ಮಾಡಿದವರು, ತೂಕದ ಲೆಕ್ಕದಲ್ಲಿ ಅದರ ಶೇಕಡಾ 39ರಷ್ಟು ನಾಯಿ, ಶೇಕಡಾ 15ರಷ್ಟು ಬೆಕ್ಕು ಎಂದು ಕಂಡುಕೊಂಡರು. ಕಾಡಂಚಿನ ಊರುಗಳಿಗೆ ಇದು ದೂರದ ಸುದ್ದಿಯಲ್ಲ. ನಮ್ಮ ಮನೆಯ ಹಿತ್ತಿಲಿನಿಂದಲೇ ಚಿರತೆ ಬೆಕ್ಕನ್ನು ಒಯ್ದದ್ದಿದೆ, ಮಾರನೆಯ ರಾತ್ರಿ ಅದು ಮತ್ತೆ ಬಂದಿದ್ದೂ ಇದೆ.

ಇನ್ನು ಸಂತಾನಹರಣದ ಬಗ್ಗೆ. ಬೆಕ್ಕನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿಸಿ, ಹಿಡಿದ ಜಾಗದಲ್ಲಿಯೇ ಬಿಡುವ ಈ ಪದ್ಧತಿಯನ್ನು ಮೆಚ್ಚುವವರು ಅದರ ಕಷ್ಟವನ್ನು ಮುಚ್ಚಿಡುತ್ತಾರೆ ಎಂಬುದು ನನ್ನ ದೂರು. ಫ್ಲೋರಿಡಾದ ಅಲಾಚುವಾ ಮತ್ತು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಕೌಂಟಿಗಳ ಅಂಕಿಅಂಶಗಳನ್ನಿಟ್ಟುಕೊಂಡು 2005ರಲ್ಲಿ ಮಾಡಿದ ಲೆಕ್ಕಾಚಾರದ ಪ್ರಕಾರ, ಸಂಖ್ಯೆ ನಿಜವಾಗಿಯೂ ಇಳಿಯಬೇಕಾದರೆ ಶೇಕಡಾ 71ರಿಂದ 94ರಷ್ಟು ಬೆಕ್ಕುಗಳಿಗೆ ಚಿಕಿತ್ಸೆಯಾಗಬೇಕು. ಆ ಎರಡು ಕಡೆಯೂ ಅದು ಆಗಿರಲಿಲ್ಲ, ಸಂಖ್ಯೆ ಇಳಿದಿರಲೂ ಇಲ್ಲ. ಇಸ್ರೇಲಿನ ರಿಶೋನ್ ಲೆಜಿಯಾನ್ ನಗರದಲ್ಲಿ 12 ವರ್ಷ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸ್ಪಷ್ಟವಾಗಿ ಹೇಳಿತು. ಅಲ್ಲಲ್ಲಿ ಚದುರಿದಂತೆ ಮಾಡಿದಾಗ ಏನೂ ಬದಲಾಗಲಿಲ್ಲ, ಒಂದಕ್ಕೊಂದು ತಾಗಿಕೊಂಡ ಪ್ರದೇಶಗಳಲ್ಲಿ ಬಿಡದೆ ಜೋರಾಗಿ ಮಾಡಿದಾಗ ಮಾತ್ರ ಬೆಕ್ಕುಗಳು ವರ್ಷಕ್ಕೆ ಸುಮಾರು ಶೇಕಡಾ 7ರಂತೆ ಕಡಿಮೆಯಾದವು. ಜೊತೆಗೆ ಒಂದು ವಿಚಿತ್ರವೂ ಕಂಡಿತು. ಬೆಕ್ಕುಗಳು ಕಡಿಮೆಯಾದಂತೆ ಉಳಿದ ತಾಯಂದಿರ ಮರಿಗಳು ಹೆಚ್ಚು ಬದುಕತೊಡಗಿದವು. ಹಾಲು, ಜಾಗ, ಇಲಿ ಎಲ್ಲವೂ ಉಳಿದವುಗಳ ಪಾಲಿಗೆ ಹೆಚ್ಚಾಗಿ ಸಿಕ್ಕರೆ ಹಾಗಲ್ಲದೆ ಇನ್ನೇನಾದೀತು? ಅರ್ಧ ಮಾಡಿದ ಕೆಲಸವೆಂದರೆ ಇಲ್ಲಿ ಅರ್ಧ ಫಲವಲ್ಲ, ಬಹುಮಟ್ಟಿಗೆ ಏನೂ ಇಲ್ಲ.

ಎಲ್ಲರೂ ಉದಾಹರಿಸುವ ಒಂದು ಯಶಸ್ಸಿನ ಕಥೆ ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದ ಆವರಣದ್ದು. ಅಲ್ಲಿ 1996ರಲ್ಲಿ 68 ಇದ್ದ ಬೆಕ್ಕುಗಳು 2002ರಲ್ಲಿ 23ಕ್ಕೆ ಇಳಿದವು. ಆದರೆ ಹನ್ನೊಂದು ವರ್ಷಗಳಲ್ಲಿ ಅಲ್ಲಿ ಕಂಡ 155 ಬೆಕ್ಕುಗಳಲ್ಲಿ ಅರ್ಧದಷ್ಟನ್ನು ಜನ ಮನೆಗೆ ಒಯ್ದು ಸಾಕಿಕೊಂಡಿದ್ದರು ಎಂಬುದನ್ನು ಉದಾಹರಿಸುವವರು ಹೇಳುವುದಿಲ್ಲ. ಕತ್ತರಿಯಷ್ಟೇ ಕೆಲಸವನ್ನು ಮನೆಯ ಬಾಗಿಲೂ ಮಾಡಿತ್ತು.

ನಮ್ಮ ಊರಿನಲ್ಲಿ ಮೊದಲ ಕೆಲಸ ಎಣಿಕೆಯಾಗಿತ್ತು, ಅದಕ್ಕೆ ಒದಗಿದ್ದು ಅಡಿಕೆ ಸುಲಿಯುವ ರಾತ್ರಿಗಳು. ಕೊನೆಕೊಯ್ಲಿನ ದಿನಗಳಲ್ಲಿ ಊರಿನ ಹೆಂಗಸರು ಒಂದೊಂದು ಮನೆಯ ಅಂಗಳದಲ್ಲಿ ಸೇರಿ ಮೆಟ್ಟುಗತ್ತಿಯ ಮುಂದೆ ಕುಳಿತು ಹನ್ನೆರಡು ಗಂಟೆಯವರೆಗೂ ಸುಲಿಯುತ್ತಾರೆ, ಆ ಹೊತ್ತಿನಲ್ಲಿ ಮಾತಿಗೆ ಬರಗಾಲವಿರುವುದಿಲ್ಲ. ಯಾರ ಮನೆಗೆ ಎಷ್ಟು ಬೆಕ್ಕು ಬರುತ್ತವೆ ಎಂದು ಕೇಳುತ್ತ ಬರೆದುಕೊಂಡೆ. ಒಟ್ಟು ಐವತ್ತಮೂರು ಬಂತು. ಒಂದೊಂದರ ಬಣ್ಣ, ಬಾಲ, ಮೂತಿಯ ಮಚ್ಚೆಗಳನ್ನು ವಿಚಾರಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ಪರಸ್ಪರ ತೋರಿಸಿದ ಮೇಲೆ ಅದು ಮೂವತ್ತೊಂದಕ್ಕೆ ಇಳಿಯಿತು. ಮೇಲಿನ ಮನೆಯ ಗೌರಿ, ನಮ್ಮ ಮನೆಯ ಕೆಂಪಿ, ಹೊಳೆಗದ್ದೆ ಮನೆಯ ಹೆಸರಿಲ್ಲದ ಬೆಕ್ಕು, ಮೂರೂ ಒಂದೇ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುವ ಮಾತಿದೆಯಲ್ಲ, ಮರಿಗಳನ್ನು ಮಾತ್ರವಲ್ಲ, ತಾನೂ ಏಳು ಮನೆಯ ಪಡಿತರ ಚೀಟಿಯಲ್ಲಿ ಹೆಸರು ಬರೆಸಿಕೊಂಡಿರುತ್ತದೆ ಎಂದು ಆ ರಾತ್ರಿ ತಿಳಿಯಿತು. ಮೂವತ್ತೊಂದರಲ್ಲಿ ಹದಿನಾಲ್ಕು ಬೆಳೆದ ಹೆಣ್ಣುಗಳು. ಹೆಣ್ಣುಗಳಿಂದಲೇ ಆರಂಭಿಸಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು, ಏಕೆಂದರೆ ಊರಿನ ಗಂಡುಗಳಿಗೆಲ್ಲ ಚಿಕಿತ್ಸೆ ಮಾಡಿಸಿ ಪಕ್ಕದ ಊರಿನ ಒಂದೇ ಒಂದು ಮಾಳಬೆಕ್ಕನ್ನು ಮರೆತರೂ ಅಷ್ಟೂ ಶ್ರಮ ನೀರಿಗೆ ಹೋದಂತೆ.

ಬೋನನ್ನು ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆವು, ಇಲಿ ಬೋನಿನದೇ ರಚನೆ, ಗಾತ್ರ ಮಾತ್ರ ದೊಡ್ಡದು. ಮೊದಲ ಒಂದು ವಾರ ಬಾಗಿಲನ್ನು ದಾರದಿಂದ ಕಟ್ಟಿ ತೆರೆದೇ ಇಟ್ಟು ಒಳಗೆ ಆಹಾರ ಹಾಕಬೇಕು, ಬೆಕ್ಕು ಅದನ್ನು ಊಟದ ಮನೆಯೆಂದು ನಂಬಿದ ಮೇಲೆ ದಾರ ಬಿಚ್ಚಬೇಕು. ಆಹಾರ ಏನು ಎಂಬುದೇ ನಮ್ಮ ಕೇರಿಯ ದೊಡ್ಡ ತಾಪತ್ರಯವಾಯಿತು. ಹಾಲಿನ ಕೆನೆ, ತುಪ್ಪ ಹಾಕಿದ ಅನ್ನ, ಮೊಸರು, ಎಲ್ಲವನ್ನೂ ಇಟ್ಟೆವು. ದಿನವೂ ಏಳು ಮನೆಯಲ್ಲಿ ಅದನ್ನೇ ಉಣ್ಣುವ ಬೆಕ್ಕಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕೊನೆಗೆ ನಮ್ಮ ತೋಟದ ಕೆಲಸಕ್ಕೆ ಬರುವವರು ತಮ್ಮ ಮನೆಯಿಂದ ಒಣ ಸೀಗಡಿ ತಂದುಕೊಟ್ಟರು. ಅಮ್ಮ ಮೂಗು ಮುಚ್ಚಿಕೊಂಡು ಒಳಗೆ ಹೋದರು, ಬೋನು ಒಂದೇ ರಾತ್ರಿಯಲ್ಲಿ ಎರಡು ಸಲ ಮುಚ್ಚಿಕೊಂಡಿತು. ಹಿಡಿದ ಕೂಡಲೇ ಬೋನಿನ ಮೇಲೆ ದಪ್ಪ ಕಂಬಳಿ ಹೊದಿಸಿದರೆ ಬೆಕ್ಕು ಕತ್ತಲೆಯಲ್ಲಿ ಸುಮ್ಮನಾಗುತ್ತದೆ, ಇಲ್ಲವಾದರೆ ಸರಳುಗಳಿಗೆ ಮೂತಿ ತಿಕ್ಕಿಕೊಂಡು ರಕ್ತ ಮಾಡಿಕೊಳ್ಳುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಲೇಬೇಕು. ಮೊದಲ ವಾರ ಸಿಕ್ಕ ಒಂದು ಕಪ್ಪು ಬೆಕ್ಕಿನ ಹೊಟ್ಟೆಯನ್ನು ನಾನು ಸರಿಯಾಗಿ ನೋಡಲಿಲ್ಲ. ಚಿಕಿತ್ಸೆಗೆ ಮಲಗಿಸಿದ ಮೇಲೆ ವೈದ್ಯರು ಮೊಲೆಗಳನ್ನು ತೋರಿಸಿ, ಇದು ಹಾಲೂಡಿಸುತ್ತಿರುವ ತಾಯಿ, ಮರಿಗಳೆಲ್ಲಿ ಎಂದು ಕೇಳಿದರು. ಅಂದು ಸಂಜೆಯೇ ಅದನ್ನು ಮನೆಗೆ ತಂದು ಎಚ್ಚರವಾಗುವುದನ್ನು ಕಾದು, ಬೋನಿನ ಬಾಗಿಲು ತೆರೆದು, ಟಾರ್ಚ್ ಹಿಡಿದು ಅದರ ಹಿಂದೆಯೇ ನಡೆದೆವು. ತೋಟದ ಮೇಲಿನ ದರಕಿನ, ಅಂದರೆ ಒಣ ತರಗೆಲೆಗಳ, ರಾಶಿಯೊಳಗೆ ನಾಲ್ಕು ಮರಿಗಳಿದ್ದವು, ಒಂದು ತಣ್ಣಗಾಗಿತ್ತು. ಆಮೇಲೆ ಮೊಲೆಯಲ್ಲಿ ಹಾಲಿದೆಯೇ ಎಂದು ನೋಡದೆ ಯಾವ ಹೆಣ್ಣನ್ನೂ ಒಯ್ಯಲಿಲ್ಲ. ಹಾಲೂಡಿಸುವ ತಾಯಿಗೆ ಹೊಟ್ಟೆಯ ಮಧ್ಯದ ಬದಲು ಪಕ್ಕೆಯಲ್ಲಿ ಸಣ್ಣದಾಗಿ ಕೊಯ್ದು ಮಾಡುವ ವಿಧಾನವಿದೆ, ಮರಿಗಳು ಗಾಯವನ್ನು ಕೆದಕುವುದಿಲ್ಲ, ನಾವೂ ದೂರದಿಂದಲೇ ಗಾಯವನ್ನು ಗಮನಿಸಬಹುದು. ತಾನಾಗಿ ಕರಗುವ ಹೊಲಿಗೆ ಹಾಕಿದರೆ ಅದನ್ನು ಬಿಚ್ಚಿಸಲು ಮತ್ತೆ ಹಿಡಿಯಬೇಕಾಗಿಲ್ಲ. ಬೆಕ್ಕು ಅರಿವಳಿಕೆಯಲ್ಲಿರುವಾಗಲೇ ರೇಬೀಸ್ ಲಸಿಕೆ ಹಾಕಿ ಎಡಗಿವಿಯ ತುದಿಯನ್ನು ಒಂದಿಷ್ಟು ನೇರವಾಗಿ ಕತ್ತರಿಸುತ್ತಾರೆ, ದೂರದಿಂದ ನೋಡಿದಾಗಲೇ ಈ ಬೆಕ್ಕಿಗೆ ಆಗಿದೆ ಎಂದು ಗೊತ್ತಾಗಲು. ಊರಿನ ಮಕ್ಕಳು ಅವುಗಳಿಗೆ ಮೊಂಡುಗಿವಿ ಎಂದು ಹೆಸರಿಟ್ಟರು, ಈಗ ಗೌರಿ, ಕೆಂಪಿ ಎಲ್ಲ ಹೋಗಿ ಎಲ್ಲವೂ ಮೊಂಡುಗಿವಿಗಳೇ.

ವೈದ್ಯರನ್ನು ಹುಡುಕುವುದು ಸುಲಭವಾಗಿರಲಿಲ್ಲ. ಹಳ್ಳಿಯ ಪಶು ಆಸ್ಪತ್ರೆಗಳು ಹಸು ಎಮ್ಮೆಗಳ ಸುತ್ತ ಕಟ್ಟಿದಂಥವು, 1962ಕ್ಕೆ ಕರೆ ಮಾಡಿದರೆ ಬರುವ ಪಶು ಸಂಜೀವಿನಿ ವಾಹನವೂ ಮುಖ್ಯವಾಗಿ ಜಾನುವಾರುಗಳಿಗಾಗಿಯೇ ಇರುವಂಥದ್ದು. ಕರು ತಿರುಗಿಸಿ ಹೊರತೆಗೆಯುವುದರಲ್ಲಿ ಪಳಗಿದ ಕೈಗೆ ಎರಡೂವರೆ ಕಿಲೋ ತೂಕದ ಪ್ರಾಣಿಗೆ ಅರಿವಳಿಕೆಯ ಪ್ರಮಾಣ ಹೊಂದಿಸುವುದು ಬೇರೆಯೇ ವಿದ್ಯೆ. ಕೊನೆಗೆ ಜಿಲ್ಲಾ ಕೇಂದ್ರದ ಖಾಸಗಿ ವೈದ್ಯರೊಬ್ಬರು ತಿಂಗಳಿಗೆ ಎರಡು ಭಾನುವಾರ ಕೊಡಲು ಒಪ್ಪಿದರು. ಅವರು ರಿಯಾಯಿತಿ ಮಾಡಿದ ಮೇಲೂ ಔಷಧಿ, ಸಾಗಾಟ ಎಲ್ಲ ಸೇರಿ ಒಂದೊಂದಕ್ಕೆ ಎರಡು ಸಾವಿರದ ಆಸುಪಾಸು ಬಂತು. ಪಂಚಾಯಿತಿಯಿಂದ ನೆರವು ಸಿಗಬಹುದೇ ಎಂದು ವಿಚಾರಿಸಿದೆ. ಪ್ರಾಣಿಗಳ ಜನನ ನಿಯಂತ್ರಣಕ್ಕೆಂದು ಕೇಂದ್ರ ಸರ್ಕಾರ 2001ರಲ್ಲಿ ಮಾಡಿದ ನಿಯಮಗಳ ಹೆಸರಿನಲ್ಲಿಯೇ ನಾಯಿ ಇತ್ತು. ಅವುಗಳ ಬದಲಿಗೆ ಬಂದ 2023ರ ನಿಯಮಗಳ ಹೆಸರಿನಿಂದ ನಾಯಿ ಹೋಯಿತು, ಆದರೆ ಒಳಗಿನ ವಿವರಗಳೆಲ್ಲ ಬಹುಮಟ್ಟಿಗೆ ನಾಯಿಯನ್ನೇ ಕಣ್ಣ ಮುಂದಿಟ್ಟುಕೊಂಡು ಬರೆದಂಥವು. ಬೆಕ್ಕು ಕಚ್ಚಿ ಸುದ್ದಿಯಾಗುವುದಿಲ್ಲ, ರಸ್ತೆಯಲ್ಲಿ ಗುಂಪುಗಟ್ಟಿ ಬೈಕಿನವರನ್ನು ಅಟ್ಟಿಸುವುದಿಲ್ಲ, ಆದ್ದರಿಂದ ಅದಕ್ಕೆ ಬಜೆಟ್ಟೂ ಇಲ್ಲ. ಸುಲಿಯುವ ಅಂಗಳದಲ್ಲಿಯೇ ಲೆಕ್ಕ ಹಾಕಿದೆವು. ಹಾಲು ಹಾಕಿದ ಮನೆಯೇ ಬೆಕ್ಕಿನ ಮನೆ, ಒಂದು ಬೆಕ್ಕು ನಾಲ್ಕು ಮನೆಯಲ್ಲಿ ಉಣ್ಣುತ್ತಿದ್ದರೆ ನಾಲ್ಕು ಮನೆಯವರೂ ಹಂಚಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಐದುನೂರು ರೂಪಾಯಿ ಕೊಟ್ಟ ಮರುದಿನದಿಂದ ಅದು ನಮ್ಮ ಬೆಕ್ಕು ಎಂದು ಹೇಳಿಕೊಳ್ಳಲು ಯಾರೂ ಹಿಂಜರಿಯಲಿಲ್ಲ. ನನ್ನ ಎಲ್ಲ ಉಪನ್ಯಾಸಕ್ಕಿಂತ ಈ ಹಂಚಿಕೆ ಮಾಡಿದ ಕೆಲಸವೇ ಹೆಚ್ಚು, ಆಮೇಲೆ ರಟ್ಟಿನ ಪೆಟ್ಟಿಗೆಗಳೂ ನಮ್ಮ ಊರಿನಿಂದ ಹೊರಡುವುದು ಕಡಿಮೆಯಾಯಿತು.

ಒಪ್ಪದವರೂ ಇದ್ದರು. ಮೇಲಿನ ಮನೆಯ ದೊಡ್ಡಮ್ಮ ಮಾತ್ರ ತಮ್ಮ ಪಾಲಿನ ಹಣ ಕೊಟ್ಟರೂ ಕೊನೆಯವರೆಗೂ ಮನಸ್ಸು ಕೊಡಲಿಲ್ಲ. “ಹೆತ್ತ ಹೊಟ್ಟೆ ಕೊಯ್ಸದು ಪಾಪ ಅಲ್ದನೇ ತಂಗಿ” ಎಂದು ಅವರು ಕೇಳಿದಾಗ ನಾನು ಹುಲ್ಲು ಬಣವೆಯ ಮಾತು ತೆಗೆದೆ. ಅವರು ಸ್ವಲ್ಪ ಹೊತ್ತು ಸುಲಿಯುವುದನ್ನು ನಿಲ್ಲಿಸಿ, ಸಾಯುವುದು ದೇವರು ಮಾಡಿದ್ದು, ಕೊಯ್ಯುವುದು ನೀನು ಮಾಡಿದ್ದು, ಎರಡೂ ಒಂದೇ ಆಗುತ್ತದೆಯೇ ಎಂಬರ್ಥದಲ್ಲಿ ಏನೋ ಹೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನನಗೆ ಅನ್ನಿಸುವುದಿಲ್ಲ. ಕೈ ಹಾಕಿದವರಿಗೆ ಹೊಣೆ ಅಂಟಿಕೊಳ್ಳುತ್ತದೆ, ದರಕಿನ ರಾಶಿಯಲ್ಲಿ ತಣ್ಣಗಾಗಿದ್ದ ಆ ಮರಿ ನನ್ನ ಲೆಕ್ಕಕ್ಕೇ ಸೇರಬೇಕಾದದ್ದು. ಆದರೆ ಚಿಕ್ಕಪ್ಪನ ಚೀಲದ ಮರಿಗಳು ಯಾರ ಲೆಕ್ಕಕ್ಕೆ?

ಗಂಡಸರ ತಕರಾರು ಬೇರೆ ಥರದ್ದು. ಬೆಕ್ಕು ಕಡಿಮೆಯಾದರೆ ಇಲಿಗಳಿಂದ ಕಣಜದ ಭತ್ತದ, ಎಳೆಯ ಅಡಿಕೆ ಸಸಿಗಳ ಗತಿಯೇನು ಎಂದು ಕೇಳಿದರು. ಕೃಷ್ಣದೇವರಾಯ ಇಲಿಗಳ ಕಾಟ ತಡೆಯಲು ಮನೆಮನೆಗೂ ಬೆಕ್ಕನ್ನೂ ಅದಕ್ಕೆ ಹಾಲೂಡಿಸಲು ಹಸುವನ್ನೂ ಹಂಚಿದ ಕಥೆ ನಮಗೆಲ್ಲ ಗೊತ್ತು, ಆ ಕಥೆಯಲ್ಲಿ ತೆನಾಲಿ ರಾಮಕೃಷ್ಣನ ಬೆಕ್ಕು ಬಿಸಿ ಹಾಲಿಗೆ ಹೆದರಿ ಓಡಿದ್ದೂ ಗೊತ್ತು, ಹಂಚಿದ ಬೆಕ್ಕುಗಳು ಮರಿ ಹಾಕಿದ ಮೇಲೆ ಏನಾಯಿತು ಎಂದು ಮಾತ್ರ ಕಥೆ ಹೇಳುವುದಿಲ್ಲ. ಚಿಕಿತ್ಸೆಯಾದ ಬೆಕ್ಕು ಇಲಿ ಹಿಡಿಯುವುದನ್ನು ಬಿಡುವುದಿಲ್ಲ, ಬೇಟೆಗೂ ಬೆದೆಗೂ ಸಂಬಂಧವಿಲ್ಲ. ಮತ್ತೆ ಮತ್ತೆ ಮರಿ ಹಾಕಿ ಹಾಲೂಡಿಸಿ ಸೊರಗುವ ತಾಯಿಗಿಂತ ಮೈ ತುಂಬಿಕೊಂಡ ಬೆಕ್ಕು ಕಣಜಕ್ಕೆ ಒಳ್ಳೆಯ ಕಾವಲು. ಇಲಿಯ ಚಿಂತೆ ಇರುವವರು ಮೊದಲು ಬಿಡಬೇಕಾದದ್ದು ಅಂಗಡಿಯಿಂದ ತರುವ ಇಲಿ ಪಾಷಾಣವನ್ನು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೊಮಾಡಿಯೊಲೋನ್‌ನಂಥ ವಿಷವನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಒಂದೆರಡು ದಿನ ಮಂಕಾಗಿ ಬೆಕ್ಕಿನ ಕೈಗೆ ಸುಲಭವಾಗಿ ಸಿಗುತ್ತದೆ, ಆ ವಿಷ ಬೆಕ್ಕಿನ ಹೊಟ್ಟೆಗೂ ಹೋಗುತ್ತದೆ. ಇಲಿ ಹಿಡಿಯುವ ಬೆಕ್ಕನ್ನೇ ಕೊಲ್ಲುತ್ತಾ ಇಲಿ ಹೆಚ್ಚಾಯಿತೆಂದು ದೂರುವ ಮನೆಗಳು ನಮ್ಮಲ್ಲಿ ಎರಡಾದರೂ ಇವೆ.

ಮಾತ್ರೆ ಕೊಟ್ಟು ಮುಗಿಸಬಾರದೇ ಎಂದು ಪೇಟೆಯ ಸ್ನೇಹಿತರು ಕೇಳುತ್ತಾರೆ. ಬೆದೆ ತಡೆಯುವ ಹಾರ್ಮೋನು ಮಾತ್ರೆಗಳನ್ನು ಹಾಲಿನಲ್ಲಿ ಬೆರೆಸಿ ಕೊಟ್ಟರೆ ಗರ್ಭಕೋಶದಲ್ಲಿ ಕೀವು, ಮೊಲೆಯಲ್ಲಿ ಗಡ್ಡೆ ಆಗುವ ಅಪಾಯವಿದೆ, ಯಾವ ಬೆಕ್ಕು ಎಷ್ಟು ಕುಡಿಯಿತೆಂದು ಹಳ್ಳಿಯಲ್ಲಿ ತಿಳಿಯುವುದೂ ಇಲ್ಲ. ಅಮೆರಿಕದ ಸಿನ್ಸಿನಾಟಿಯ ಸಂಶೋಧಕರು ಒಂದೇ ಚುಚ್ಚುಮದ್ದಿನ ಜೀನ್ ಚಿಕಿತ್ಸೆಯಿಂದ ಆರು ಹೆಣ್ಣು ಬೆಕ್ಕುಗಳು ಎರಡು ವರ್ಷ ಗರ್ಭ ಧರಿಸದಂತೆ ಮಾಡಿದ್ದನ್ನು 2023ರಲ್ಲಿ ಪ್ರಕಟಿಸಿದರು. ಅದು ಶಸ್ತ್ರವಿಲ್ಲದ ದಾರಿ, ಕೈಗೆಟಕುವ ದಿನ ಬಂದರೆ ದೊಡ್ಡಮ್ಮನ ಮನಸ್ಸೂ ಒಪ್ಪೀತು. ಸದ್ಯಕ್ಕೆ ಕತ್ತರಿಯೇ ಗತಿ.

ಕಾಲದ ಸಮಸ್ಯೆ ಮಾತ್ರ ಬಗೆಹರಿದಿಲ್ಲ. ಮಳೆಗಾಲದಲ್ಲಿ ಗಾಯ ಒಣಗಲು ಊರಿನಲ್ಲಿ ಒಂದು ಒಣ ಮೂಲೆ ಸಿಗುವುದಿಲ್ಲ, ಬೇಸಿಗೆ ಬರುವಷ್ಟರಲ್ಲಿ ಹೆಣ್ಣುಗಳು ಬಸಿರಾಗಿರುತ್ತವೆ, ನಡುವೆ ಉಳಿಯುವ ನವೆಂಬರಿನಿಂದ ಜನವರಿಯವರೆಗಿನ ದಿನಗಳಲ್ಲಿ ಕೊನೆಕೊಯ್ಲು ನಡೆಯುತ್ತಿರುತ್ತದೆ, ಬೋನು ಹೊತ್ತು ಪೇಟೆಗೆ ಹೋಗಲು ಯಾರ ಕೈಗೂ ಬಿಡುವಿರುವುದಿಲ್ಲ. ಮೊದಲ ವರ್ಷ ಹದಿನಾಲ್ಕು ಹೆಣ್ಣುಗಳಲ್ಲಿ ಹನ್ನೊಂದಕ್ಕೆ ಆಯಿತು. ಶೇಕಡಾವಾರು ಲೆಕ್ಕದಲ್ಲಿ ಸುಮಾರು ಎಪ್ಪತ್ತೊಂಬತ್ತು, ಪುಸ್ತಕದ ಗೆರೆಯನ್ನು ದಾಟಿದ್ದೇವೆ ಎಂದು ನಾನು ಒಳಗೊಳಗೇ ಬೀಗಿದೆ. ಮುಂದಿನ ಬೇಸಿಗೆಯಲ್ಲಿ ಉಳಿದ ಮೂರು ಹೆಣ್ಣುಗಳು ಒಟ್ಟು ಹತ್ತು ಮರಿ ಹಾಕಿದವು, ಅವುಗಳಲ್ಲಿ ಏಳು ಬದುಕಿದವು. ಹಿಂದೆಂದೂ ಒಂದು ಬೇಸಿಗೆಯಲ್ಲಿ ಅಷ್ಟು ಪಾಲು ಮರಿಗಳು ಬದುಕಿದ್ದನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ. ರಿಶೋನ್ ಲೆಜಿಯಾನಿನ ಸಂಶೋಧಕರು ಹೇಳಿದ್ದನ್ನು ನಮ್ಮ ಅಡಿಕೆ ಕಣದಲ್ಲಿ ಚೆಂಡಿನಂತೆ ಉರುಳಾಡುತ್ತಿದ್ದ ಮರಿಗಳು ನನಗೆ ಕಲಿಸಿದವು. ಐದನ್ನು ಎರಡು ತಿಂಗಳೊಳಗೇ ಕೈಹದ ಮಾಡಿ, ಒಂದು ಕಿಲೋ ತೂಗಿದ ಮೇಲೆ ಚಿಕಿತ್ಸೆ ಮಾಡಿಸಿ, ಬೇರೆ ಬೇರೆ ಮನೆಗಳಿಗೆ ಕೊಟ್ಟೆವು. ಎರಡು ನಮ್ಮ ಮನೆಯಲ್ಲಿಯೇ ಇವೆ. ಉಳಿದ ಮೂರು ಹೆಣ್ಣುಗಳಲ್ಲಿ ಎರಡು ಕಳೆದ ಚಳಿಗಾಲದಲ್ಲಿ ಬೋನಿಗೆ ಸಿಕ್ಕವು.

ಉಳಿದದ್ದು ಒಂದು. ಬೂದು ಬಣ್ಣ, ಬಾಲದ ತುದಿ ಮುರಿದಿದೆ, ಕಾಡಿನ ಕಡೆಯಿಂದ ಬರುತ್ತದೆ. ಉದ್ದ ಕಾಲು, ಚೂಪು ಕಿವಿ ನೋಡಿ ಅದರ ಅಪ್ಪ ಕಾಡುಬೆಕ್ಕೇ ಇರಬೇಕೆಂದು ಕೆಲವರು ಹೇಳುತ್ತಾರೆ, ಊರ ಬೆಕ್ಕುಗಳು ಕಾಡುಬೆಕ್ಕಿನೊಡನೆ ಬೆರೆಯುವುದು ಅಸಾಧ್ಯವೇನೂ ಅಲ್ಲ, ಹಾಗೆ ಬೆರೆತು ಕಾಡುಬೆಕ್ಕಿನ ತಳಿಯೇ ಕೆಡುವುದು ಈ ಕೆಲಸ ಮಾಡಬೇಕಾದ ಇನ್ನೊಂದು ಕಾರಣ. ಅದು ಸೀಗಡಿಗೆ ಬರಲಿಲ್ಲ, ಬಂಗುಡೆಗೆ ಬರಲಿಲ್ಲ, ಬೋನಿನ ಸುತ್ತ ಸುತ್ತಿ, ಹೊರಗೆ ಚೆಲ್ಲಿದ ಚೂರುಗಳನ್ನು ಮಾತ್ರ ಆರಿಸಿಕೊಂಡು ಹೋಗುತ್ತದೆ. ಈಗ ಮೂರು ವಾರದಿಂದ ಬೋನಿನ ಬಾಗಿಲನ್ನು ದಾರದಿಂದ ಕಟ್ಟಿ, ಮೇಲೆ ಅಡಿಕೆ ಹಾಳೆ ಹೊದಿಸಿ, ದೊಡ್ಡಮ್ಮನ ಮನೆಯ ಹಿಂದಿನ ದಣಪೆಯ ಹತ್ತಿರ ಇಟ್ಟಿದ್ದೇವೆ. ಒಳಗೆ ಹಾಕಿದ್ದು ದಿನವೂ ಬೆಳಗ್ಗೆ ಖಾಲಿಯಾಗಿರುತ್ತದೆ. ನಿನ್ನೆ ಮಳೆಯಲ್ಲಿ ತೋಯ್ದ ಮಣ್ಣಿನ ಮೇಲೆ ಒಳಗೆ ಹೋಗಿ ಹೊರಗೆ ಬಂದ ಹೆಜ್ಜೆಗಳಿದ್ದವು, ಅವು ಅದರವೋ ಮೊಂಡುಗಿವಿಗಳವೋ ಎಂದು ತಿಳಿಯಲಿಲ್ಲ. ದಾರವನ್ನು ಇನ್ನೂ ಬಿಚ್ಚಿಲ್ಲ.